ಮಗುವೇನು ಮುರಿದ ಮನೆಯ ಗೋಂದೇ?

ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿದವರಿಗೆ ಅಲ್ಲಿನ ನೋಟ ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ. ಬೆಂಚಿನ ಈ ತುದಿಯಲ್ಲಿ ತಾಯಿ ಮತ್ತು ಆಕೆಯ ಕಡೆಯವರು, ಆ ತುದಿಯಲ್ಲಿ ತಂದೆ ಮತ್ತು ಆತನ ಕಡೆಯವರು. ನಡುವೆ ಶಾಲೆಯ ಯೂನಿಫಾರ್ಮಿನಲ್ಲೇ ಬಂದ ಒಂದು ಮಗು. ಅಪ್ಪ ತಂದುಕೊಟ್ಟ ಬಿಸ್ಕೆಟ್ ಪೊಟ್ಟಣ ಅದರ ಕೈಯಲ್ಲಿದೆ. ಒಡೆದು ತಿನ್ನಲೋ ಬೇಡವೋ ಎಂದು ಅದು ಅಮ್ಮನ ಮುಖ ನೋಡುತ್ತಿದೆ. ತಿಂದರೆ ಅಮ್ಮನಿಗೆ ಬೇಸರ, ತಿನ್ನದಿದ್ದರೆ ಅಪ್ಪನಿಗೆ ಬೇಸರ. ಆ ಹೊತ್ತಿನಲ್ಲಿ ಆ ಮಗು ಮಾಡುವ ಲೆಕ್ಕಾಚಾರ ಒಳಗೆ ವಾದಿಸುತ್ತಿರುವ ಯಾವ ವಕೀಲರ ಲೆಕ್ಕಾಚಾರಕ್ಕಿಂತಲೂ ಕಠಿಣವಾದುದು.

ಇದೇ ಮಗು ಮನೆಗೆ ಹೋಗಿ ಟಿ.ವಿ. ಹಾಕಿದರೆ ತನ್ನಂತಹ ಮಕ್ಕಳ ಬಗ್ಗೆ ಏನನ್ನು ನೋಡುತ್ತದೆ? ಬೇರೆಯಾದ ತಂದೆ ತಾಯಿ. ನಡುವೆ ಒಂದು ಮುದ್ದಾದ, ಚೂಟಿಯಾದ ಮಗು. ಅದು ಒಂದು ಉಪಾಯ ಹೂಡುತ್ತದೆ, ಒಂದು ನಾಟಕವಾಡುತ್ತದೆ, ಇಲ್ಲವೇ ಒಂದು ಹಾಡು ಹೇಳುತ್ತದೆ. ತಂದೆ ತಾಯಿಗಳ ಕಣ್ಣಲ್ಲಿ ನೀರು. ಇಬ್ಬರೂ ಓಡಿಬಂದು ಮಗುವನ್ನು ಅಪ್ಪಿಕೊಳ್ಳುತ್ತಾರೆ. ಶುಭಂ. ನಾವೂ ಕಣ್ಣೊರೆಸಿಕೊಂಡು ಎದ್ದು ಹೋಗುತ್ತೇವೆ. ಆದರೆ ವರಾಂಡದ ಮಗು ಎದ್ದು ಹೋಗಲಾರದು. ಅದಕ್ಕೆ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಪರದೆಯ ಮೇಲಿನ ಮಗು ತನ್ನ ಅಪ್ಪ ಅಮ್ಮನನ್ನು ಒಂದು ಮಾಡಿತಲ್ಲ, ನನ್ನಿಂದ ಯಾಕೆ ಆಗಲಿಲ್ಲ?

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ವಿಚ್ಛೇದನದ ಕುರಿತ ನಮ್ಮ ಜನಪ್ರಿಯ ಚಿತ್ರಗಳು ಮಗುವನ್ನು ಗೋಂದಿನಂತೆ ಬಳಸುತ್ತಾ ಬಂದಿವೆ. ಒಡೆದ ಪಿಂಗಾಣಿಯ ಎರಡು ಚೂರುಗಳನ್ನು ಅಂಟಿಸುವುದಷ್ಟೇ ಅದರ ಕೆಲಸ. ಗೋಂದಿಗೆ ನೋವಾಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಇದು ಬರೀ ಕಲೆಯ ದೋಷವಲ್ಲ, ಮಕ್ಕಳಿಗೆ ಮಾಡುವ ಅನ್ಯಾಯ ಎಂದು ನಾವು ಹೇಳಬಯಸುತ್ತೇವೆ.

ಸಮುದ್ರ ದಾಟದ ಒಂದು ಮಾತು

ಈ ಕಥೆಯ ಮೂಲ ನಮ್ಮಲ್ಲಿಲ್ಲ. ಜರ್ಮನ್ ಲೇಖಕ ಏರಿಕ್ ಕೆಸ್ಟ್‌ನರ್ 1949ರಲ್ಲಿ ಲೋಟೆ ಮತ್ತು ಲೂಯಿಸೆ ಎಂಬ ಅವಳಿಗಳ ಕಥೆ ಬರೆದರು. ಒಬ್ಬಳು ಮ್ಯೂನಿಕ್ ನಗರದಲ್ಲಿ ತಾಯಿಯ ಜೊತೆ, ಇನ್ನೊಬ್ಬಳು ವಿಯೆನ್ನಾದಲ್ಲಿ ತಂದೆಯ ಜೊತೆ. ತನಗೊಬ್ಬ ಅವಳಿ ಇದ್ದಾಳೆಂಬುದು ಇಬ್ಬರಿಗೂ ಗೊತ್ತಿಲ್ಲ. ಬೇಸಿಗೆ ಶಿಬಿರದಲ್ಲಿ ಭೇಟಿಯಾಗಿ, ವಿಷಯ ತಿಳಿದು, ಅದಲುಬದಲಾಗಿ ಮನೆಗೆ ಮರಳುತ್ತಾರೆ. ಕೊನೆಗೆ ತಂದೆ ತಾಯಿ ಒಂದಾಗುತ್ತಾರೆ. 1961ರಲ್ಲಿ ಡಿಸ್ನಿ ಸಂಸ್ಥೆ ಇದನ್ನು 'ದಿ ಪೇರೆಂಟ್ ಟ್ರ್ಯಾಪ್' ಎಂಬ ಹೆಸರಿನಲ್ಲಿ ಚಿತ್ರ ಮಾಡಿತು. 1998ರಲ್ಲಿ ಅದು ಮತ್ತೊಮ್ಮೆ ಬಂತು. ನಮ್ಮಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆ 1965ರಲ್ಲಿ ತಮಿಳಿನ 'ಕುಳಂದೈಯುಂ ದೈವಮುಂ', 1966ರಲ್ಲಿ ತೆಲುಗಿನ 'ಲೇತ ಮನಸುಲು', 1968ರಲ್ಲಿ ಹಿಂದಿಯ 'ದೋ ಕಲಿಯಾಂ' ಎಂದು ಮೂರು ಭಾಷೆಗಳಲ್ಲಿ ಇದೇ ಕಥೆಯನ್ನು ತೆರೆಗೆ ತಂದಿತು. ದಕ್ಷಿಣದ ಮನೆಮನೆಗಳಲ್ಲಿ ಮೂರು ತಲೆಮಾರು ಇದನ್ನು ನೋಡಿ ನಕ್ಕಿದೆ, ಅತ್ತಿದೆ.

ಕೆಸ್ಟ್‌ನರ್ ಕೂಡ ಕೊನೆಗೆ ತಂದೆ ತಾಯಿಯನ್ನು ಒಂದು ಮಾಡಿದರು ನಿಜ. ಆದರೆ ಅವರು ಕಥೆಯ ನಡುವೆ ಒಂದು ಕಡೆ ನಿಂತು ದೊಡ್ಡವರೊಂದಿಗೆ ನೇರವಾಗಿ ಮಾತನಾಡುತ್ತಾರೆ. ವಿಚ್ಛೇದನದಂತಹ ವಿಷಯವನ್ನು ಮಕ್ಕಳ ಪುಸ್ತಕದಲ್ಲಿ ಬರೆಯಬಹುದೇ ಎಂದು ಮೂಗು ಮುರಿಯುವವರಿಗೆ ಅವರ ಉತ್ತರ ಅದು. ತಂದೆ ತಾಯಿ ಬೇರೆಯಾದದ್ದರಿಂದ ನರಳುವ ಮಕ್ಕಳು ಲೋಕದಲ್ಲಿ ಬಹಳ ಇದ್ದಾರೆ. ತಂದೆ ತಾಯಿ ಬೇರೆಯಾಗದೇ ಇರುವುದರಿಂದ ನರಳುವ ಮಕ್ಕಳೂ ಬಹಳ ಇದ್ದಾರೆ. ಮಕ್ಕಳು ಇದನ್ನು ಅನುಭವಿಸಬೇಕು, ಆದರೆ ಅವರೊಂದಿಗೆ ಇದರ ಬಗ್ಗೆ ಮಾತನಾಡಬಾರದು ಎನ್ನುವುದು ಸರಿಯಲ್ಲ ಎಂಬುದು ಅದರ ತಾತ್ಪರ್ಯ. ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷಗಳಲ್ಲಿ, ಒಡೆದ ಮನೆಗಳೇ ತುಂಬಿದ್ದ ನಾಡಿನಲ್ಲಿ ಪ್ರಕಟವಾದ ಮಾತಿದು. ಅವಳಿಗಳ ಅದಲುಬದಲು ಸಮುದ್ರ ದಾಟಿ ಬಂತು. ಈ ಮಾತು ಮಾತ್ರ ದಾಟಲಿಲ್ಲ. ನಮ್ಮ ಚಿತ್ರಗಳಲ್ಲಿ ಮನೆ ಒಡೆದದ್ದು ಅಹಂಕಾರಿ ಅತ್ತೆಯ ದೆಸೆಯಿಂದ. ಅತ್ತೆಯ ಸೊಕ್ಕು ಮುರಿದರೆ ಮನೆ ಸರಿಯಾಯಿತು! ಗಂಡ ಹೆಂಡತಿಯ ನಡುವೆಯೇ ಕೂಡಿಸಲಾಗದ ಒಂದು ಬಿರುಕು ಇರಬಹುದು ಎಂಬ ಸತ್ಯವನ್ನು ಹೇಳುವ ಗೋಜಿಗೇ ಅವು ಹೋಗಲಿಲ್ಲ.

ಕಡಲಾಚೆ ಒಂದು ಮುಕ್ತಾಯ, ಈಚೆ ಇನ್ನೊಂದು

ಆಮೇಲೆ ಬಂದ ಎರಡು ಚಿತ್ರಗಳ ಪ್ರಯಾಣವನ್ನು ನೋಡಿದರೆ ನಮ್ಮ ರೋಗ ಇನ್ನಷ್ಟು ಸ್ಪಷ್ಟವಾಗುತ್ತದೆ.

1979ರ 'ಕ್ರೇಮರ್ ವರ್ಸಸ್ ಕ್ರೇಮರ್' ಚಿತ್ರವನ್ನು ನಿರ್ದೇಶಿಸಿದವರು ರಾಬರ್ಟ್ ಬೆಂಟನ್. ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಸೇರಿ ಅದಕ್ಕೆ ಐದು ಆಸ್ಕರ್‌ಗಳು ಬಂದವು. ತಾಯಿ ಮನೆ ಬಿಟ್ಟು ಹೋಗುತ್ತಾಳೆ. ಕಚೇರಿಯನ್ನೇ ಲೋಕವೆಂದುಕೊಂಡಿದ್ದ ತಂದೆ ಮಗುವಿಗೆ ತಿಂಡಿ ಮಾಡಲು ಹೋಗಿ ಕೈ ಸುಟ್ಟುಕೊಳ್ಳುತ್ತಾ ತಂದೆಯಾಗುವುದನ್ನು ಕಲಿಯುತ್ತಾನೆ. ಆ ಚಿತ್ರದಲ್ಲಿ ಒಂದು ರಾತ್ರಿ ಮಗು ಬಿಲ್ಲಿ ತಂದೆಯನ್ನು ಕೇಳುತ್ತದೆ, ನಾನು ಕೆಟ್ಟ ಹುಡುಗನಾದದ್ದಕ್ಕೆ ಅಮ್ಮ ಹೋದಳೇ ಎಂದು. ತಂದೆ ಅಲ್ಲ ಎನ್ನುತ್ತಾನೆ. ತಪ್ಪು ತನ್ನದೆಂದು, ಆಕೆ ಹೇಗಿರಬೇಕೆಂದು ತಾನೇ ತೀರ್ಮಾನಿಸಿ ಆಕೆಯ ಮಾತನ್ನು ಕೇಳದೇ ಹೋದೆನೆಂದು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಒಪ್ಪಿಕೊಳ್ಳುತ್ತಾನೆ. ನಮ್ಮ ಮಟ್ಟಿಗೆ ಇಡೀ ಚಿತ್ರದ ತಿರುಳು ಈ ಎರಡು ನಿಮಿಷ. ವಿಚ್ಛೇದನವಾದ ಮನೆಯ ಮಗು ಯಾರ ಮುಂದೆಯೂ ಆಡದೆ ಒಳಗೇ ಇಟ್ಟುಕೊಳ್ಳುವ ಪ್ರಶ್ನೆ ಅದು. ಅದಕ್ಕೆ ದೊಡ್ಡವರು ಕೊಡಬೇಕಾದ ಉತ್ತರವೂ ಅದೇ. ಚಿತ್ರದ ಕೊನೆಯಲ್ಲಿ ನ್ಯಾಯಾಲಯ ಮಗುವನ್ನು ತಾಯಿಗೆ ಒಪ್ಪಿಸುತ್ತದೆ. ಆದರೆ ತಾಯಿಯೇ ಮಗುವನ್ನು ಅದರ ಮನೆಯಿಂದ ಕೀಳಲಾರೆನೆಂದು ಹಿಂದೆ ಸರಿಯುತ್ತಾಳೆ. ಇಬ್ಬರೂ ಮತ್ತೆ ಗಂಡ ಹೆಂಡತಿಯಾಗುವುದಿಲ್ಲ. ಇಬ್ಬರೂ ಮಗುವಿನ ತಂದೆ ತಾಯಿಯಾಗಿ ಉಳಿಯುತ್ತಾರೆ.

1995ರಲ್ಲಿ ಇದೇ ಕಥೆ ಮುಂಬಯಿಗೆ ಬಂದು 'ಅಕೇಲೆ ಹಮ್ ಅಕೇಲೆ ತುಮ್' ಆಯಿತು. ಮನ್ಸೂರ್ ಖಾನ್ ನಿರ್ದೇಶನ. ಆಮಿರ್ ಖಾನ್, ಮನೀಷಾ ಕೊಯಿರಾಲಾ ಚೆನ್ನಾಗಿಯೇ ನಟಿಸಿದರು. ಹಾಡಬೇಕೆಂಬ ಹೆಂಡತಿಯ ಆಸೆಯನ್ನು ಗಂಡ ತುಳಿಯುವುದನ್ನೂ ಚಿತ್ರ ಮರೆಮಾಚಲಿಲ್ಲ. ಆದರೆ ಕೊನೆಯ ರೀಲಿಗೆ ಬಂದಾಗ ಧೈರ್ಯ ಕೈಕೊಟ್ಟಿತು. ಮಗನನ್ನು ಕರೆದೊಯ್ಯಲು ಬಂದ ತಾಯಿ ಮನೆಯಲ್ಲೇ ಉಳಿದುಬಿಡುತ್ತಾಳೆ. ಕುಟುಂಬ ಒಂದಾಗುತ್ತದೆ.

1993ರ 'ಮಿಸೆಸ್ ಡೌಟ್‌ಫೈರ್' ಆನ್ ಫೈನ್ ಎಂಬ ಬ್ರಿಟಿಷ್ ಲೇಖಕಿಯ 1987ರ ಕಾದಂಬರಿಯನ್ನು ಆಧರಿಸಿದ್ದು. ಮಕ್ಕಳನ್ನು ಕಾಣಲು ತಂದೆ ಮುದುಕಿಯ ವೇಷ ತೊಟ್ಟು ಅದೇ ಮನೆಗೆ ಕೆಲಸಕ್ಕೆ ಸೇರುವ ಕಥೆ. ಇಷ್ಟೆಲ್ಲ ನಗಿಸಿದ ಮೇಲೂ ಆ ಚಿತ್ರ ತಂದೆ ತಾಯಿಯನ್ನು ಮತ್ತೆ ಒಂದು ಮಾಡುವುದಿಲ್ಲ. ಕೊನೆಯಲ್ಲಿ ಆ ಮುದುಕಿಯ ವೇಷದಲ್ಲೇ ರಾಬಿನ್ ವಿಲಿಯಮ್ಸ್ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಒಬ್ಬ ಪುಟ್ಟ ಹುಡುಗಿಯ ಪತ್ರಕ್ಕೆ ಉತ್ತರಿಸುತ್ತಾರೆ. ಕೆಲವು ತಂದೆ ತಾಯಿಗಳು ಬೇರೆ ಬೇರೆಯಾಗಿದ್ದಾಗಲೇ ಹೆಚ್ಚು ಒಳ್ಳೆಯವರಾಗಿರುತ್ತಾರೆ, ಒಂದಾಗದಿದ್ದರೂ ಅದು ಮಗುವಿನ ತಪ್ಪಲ್ಲ ಎಂಬುದು ಆ ಉತ್ತರದ ಸಾರ. ಇದು ತಮಿಳಿನಲ್ಲಿ 1996ರ 'ಅವ್ವೈ ಷಣ್ಮುಗಿ', ಹಿಂದಿಯಲ್ಲಿ 1997ರ 'ಚಾಚಿ 420' ಆಯಿತು. ಕಮಲಹಾಸನ್ ಅವರ ಪ್ರತಿಭೆಗೆ ನಾವು ತಲೆಬಾಗುತ್ತೇವೆ. ಆದರೆ ಎರಡರಲ್ಲೂ ಮುಕ್ತಾಯ ಬದಲಾಯಿತು. ಗಂಡ ಹೆಂಡತಿ ಒಂದಾದರು. ಪತ್ರ ಬರೆದ ಆ ಹುಡುಗಿಗೆ ನಮ್ಮ ಪರದೆಯಲ್ಲಿ ಜಾಗವೇ ಸಿಗಲಿಲ್ಲ.

ಒಂದು ಬಾರಿ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಎರಡು ಬೇರೆ ಬೇರೆ ಕಥೆಗಳು ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ತಿದ್ದುಪಡಿಯಾದದ್ದು ಆಕಸ್ಮಿಕವಲ್ಲ.

'ಇದು ನಮ್ಮ ಸಂಸ್ಕೃತಿ' ಎಂಬ ಸಬೂಬು

ಇದಕ್ಕೆ ಸಿದ್ಧವಾಗಿರುವ ಉತ್ತರ ಒಂದಿದೆ: ನಮ್ಮದು ಕುಟುಂಬವನ್ನು ಉಳಿಸುವ ಸಂಸ್ಕೃತಿ, ಪಶ್ಚಿಮದ್ದು ಒಡೆಯುವ ಸಂಸ್ಕೃತಿ, ಚಿತ್ರ ನೋಡುವ ಹೊತ್ತಿಗಾದರೂ ಜನರಿಗೆ ಭರವಸೆ ಬೇಡವೇ?

ಈ ವಾದವನ್ನು ನಾವು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಕುಟುಂಬ ಉಳಿಯಬೇಕೆಂದು ನಾವೂ ಬಯಸುತ್ತೇವೆ. ಬೇರೆಯಾದವರು ಮನಸ್ಸು ಬದಲಿಸಿ ಒಂದಾದರೆ ಅದಕ್ಕಿಂತ ಸಂತೋಷ ಬೇರೆಯಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಂದು ಮಾಡುವ ಜವಾಬ್ದಾರಿ ಯಾರದ್ದು? ಕುರ್‌ಆನ್ ಅನ್ನಿಸಾ ಅಧ್ಯಾಯದ 35ನೇ ಸೂಕ್ತದಲ್ಲಿ ದಂಪತಿಗಳ ನಡುವೆ ಒಡಕಿನ ಭಯವಿದ್ದಾಗ ಗಂಡಿನ ಕಡೆಯಿಂದ ಒಬ್ಬ, ಹೆಣ್ಣಿನ ಕಡೆಯಿಂದ ಒಬ್ಬ ಮಧ್ಯಸ್ಥರನ್ನು ನೇಮಿಸಲು ಹೇಳುತ್ತದೆ. ನಮ್ಮ ಹಳ್ಳಿಗಳ ಪಂಚಾಯಿತಿಗಳಲ್ಲೂ ಹಿರಿಯರು ಕುಳಿತು ಮಾತನಾಡಿಸುವ ರೂಢಿಯಿತ್ತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೂ ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಮೇಲೆಯೇ ಹೊರಿಸಿದೆ. ಧರ್ಮ, ಊರು, ಕಾನೂನು ಮೂರೂ ಈ ಹೊರೆಯನ್ನು ದೊಡ್ಡವರ ಹೆಗಲಿಗೆ ಕೊಟ್ಟಿವೆ. ಸಿನಿಮಾ ಒಂದೇ ಅದನ್ನು ಇಳಿಸಿ ಮಗುವಿನ ತಲೆಯ ಮೇಲೆ ಇಟ್ಟಿದೆ. ಹಾಗಾದರೆ ಇದು ಯಾವ ಸಂಸ್ಕೃತಿ?

ಭರವಸೆಯ ಮಾತಿಗೂ ಉತ್ತರವಿದೆ. ನೀನು ಜಾಣನಾದರೆ, ಒಳ್ಳೆಯವನಾದರೆ ಅಪ್ಪ ಅಮ್ಮ ಒಂದಾಗುತ್ತಾರೆ ಎಂದು ಮಗುವಿಗೆ ಹೇಳುವುದು ಭರವಸೆಯಂತೆ ಕಾಣುತ್ತದೆ. ಅದನ್ನೇ ತಿರುಗಿಸಿ ಓದಿ. ಅಪ್ಪ ಅಮ್ಮ ಒಂದಾಗದಿದ್ದರೆ ನೀನು ಸಾಕಷ್ಟು ಜಾಣನಲ್ಲ, ಸಾಕಷ್ಟು ಒಳ್ಳೆಯವನಲ್ಲ ಎಂದಾಯಿತು. ಬಿಲ್ಲಿಯ ಆ ರಾತ್ರಿಯ ಪ್ರಶ್ನೆಗೆ ನಮ್ಮ ಚಿತ್ರಗಳು ಹೌದು ಎಂದು ಉತ್ತರಿಸುತ್ತಿವೆ! ಇದು ಭರವಸೆಯೇ?

ಸುಖಾಂತ್ಯವಿಲ್ಲದಿದ್ದರೆ ಜನ ನೋಡುವುದಿಲ್ಲ ಎಂಬ ನಿರ್ಮಾಪಕರ ಅಳಲಿನಲ್ಲೂ ಹುರುಳಿಲ್ಲ. 'ಕ್ರೇಮರ್' ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗಳಿಸಿದ ಚಿತ್ರ. 'ಡೌಟ್‌ಫೈರ್' ಕೂಡ 1993ರಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರಗಳ ಸಾಲಿನಲ್ಲಿತ್ತು. ಸತ್ಯ ಹೇಳಿದ್ದಕ್ಕೆ ಪ್ರೇಕ್ಷಕ ಓಡಿಹೋಗಲಿಲ್ಲ.

ಅಪರಾಧಿ ಸ್ಥಾನದಲ್ಲಿ ತಾಯಿ

ಹಾಗೆಂದು ಹಾಲಿವುಡ್ಡಿಗೆ ನಾವು ಪ್ರಶಸ್ತಿ ಪತ್ರ ಬರೆಯುತ್ತಿಲ್ಲ. ಈ ಎರಡೂ ಚಿತ್ರಗಳಲ್ಲಿ ಮನೆ ಮುರಿದವಳಾಗಿ ಕಾಣುವವಳು ಹೊರಗೆ ದುಡಿಯುವ, ಇಲ್ಲವೇ ದುಡಿಯಬಯಸುವ ಹೆಣ್ಣು. ತಂದೆ ಒಂದು ದಿನ ತಿಂಡಿ ಮಾಡಿದರೆ ನಮಗೆ ಕಣ್ಣೀರು ಬರುತ್ತದೆ. ತಾಯಿ ಏಳೆಂಟು ವರ್ಷ ಮಾಡಿದ ತಿಂಡಿ ಚಿತ್ರದ ಲೆಕ್ಕಕ್ಕೇ ಬರುವುದಿಲ್ಲ. 'ಕ್ರೇಮರ್' ಚಿತ್ರದ ತಾಯಿಗೆ ತನ್ನ ಕಥೆ ಹೇಳಲು ಸಿಗುವುದು ನ್ಯಾಯಾಲಯದ ಕಟಕಟೆಯಲ್ಲಿ ಕೆಲವೇ ನಿಮಿಷ. ಆ ಮಾತುಗಳನ್ನೂ ಆ ಪಾತ್ರ ವಹಿಸಿದ ಮೆರಿಲ್ ಸ್ಟ್ರೀಪ್ ತಾವೇ ತಿದ್ದಿ ಬರೆದುಕೊಂಡರು ಎಂಬುದು ಪ್ರಸಿದ್ಧ ಸಂಗತಿ. ಬರೆದ ಗಂಡಸರಿಗೆ ಆ ಹೆಣ್ಣು ಅರ್ಥವಾಗಿರಲಿಲ್ಲ.

ಮಲತಾಯಿಯ ವಿಷಯಕ್ಕೆ ಬಂದರಂತೂ ಕ್ರೌರ್ಯ ಇನ್ನೊಂದು ಮೆಟ್ಟಿಲು ಮೇಲೆ. 1998ರ 'ಸ್ಟೆಪ್‌ಮಾಮ್', ಅದರ ಹಿಂದಿ ರೂಪವಾದ 2010ರ 'ವಿ ಆರ್ ಫ್ಯಾಮಿಲಿ', ಎರಡರಲ್ಲೂ ಮಕ್ಕಳು ತಂದೆಯ ಹೊಸ ಸಂಗಾತಿಯನ್ನು ಒಪ್ಪಿಕೊಳ್ಳಬೇಕಾದರೆ ಹೆತ್ತ ತಾಯಿಗೆ ಕ್ಯಾನ್ಸರ್ ಬರಬೇಕು. ಅಗಲಿದ ತಾಯಿ ಬದುಕಿರುವಾಗಲೇ, ಅದೇ ಊರಿನಲ್ಲಿ ಇನ್ನೊಂದು ಮನೆ ಮಾಡಿಕೊಂಡಿರುವಾಗಲೇ, ಮಗು ಎರಡೂ ಮನೆಗಳ ನಡುವೆ ಬ್ಯಾಗು ಹೊತ್ತು ಓಡಾಡುತ್ತಾ ಬೆಳೆಯಬಹುದೆಂಬುದನ್ನು ಕಲ್ಪಿಸಿಕೊಳ್ಳಲು ಬರದ ಕಥೆಗಾರ ಸಾವಿನ ಮೊರೆ ಹೋಗುತ್ತಾನೆ. ವಾಸ್ತವದಲ್ಲಿ ಬಹುಪಾಲು ಮಕ್ಕಳ ಬದುಕು ಆ ಬ್ಯಾಗಿನಲ್ಲಿದೆ. ಯಾವ ಮನೆಯಲ್ಲಿ ಗಣಿತದ ಪುಸ್ತಕ ಮರೆತೆ, ಹಬ್ಬಕ್ಕೆ ಯಾರ ಮನೆ, ಶಾಲೆಯ ಸಭೆಗೆ ಯಾರು ಬರುತ್ತಾರೆ, ಇಬ್ಬರೂ ಬಂದರೆ ಎಲ್ಲಿ ಕೂರುತ್ತಾರೆ? 2005ರ 'ದಿ ಸ್ಕ್ವಿಡ್ ಅಂಡ್ ದಿ ವೇಲ್' ಎಂಬ ಅಮೆರಿಕನ್ ಚಿತ್ರದಲ್ಲಿ ತಂದೆ ತಾಯಿ ಇಬ್ಬರೂ ಬರಹಗಾರರು, ವಿದ್ಯಾವಂತರು. ವಾರದ ದಿನಗಳನ್ನು ಹಂಚಿಕೊಳ್ಳುತ್ತಾರೆ. ಬೆಕ್ಕನ್ನೂ ಹಂಚಿಕೊಳ್ಳುತ್ತಾರೆ. ಹಂಚಿಕೆಯ ಈ ಲೆಕ್ಕದಲ್ಲಿ ಇಬ್ಬರು ಗಂಡುಮಕ್ಕಳು ಒಳಗೊಳಗೇ ಹೇಗೆ ಕೆಡುತ್ತಾರೆಂಬುದನ್ನು ಆ ಚಿತ್ರ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ.

ಬಾಗಿಲ ಹಿಂದೆ ನಿಂತ ಮಕ್ಕಳು

ಮಗುವನ್ನು ಮಗುವಾಗಿ ನೋಡಿದ ಚಿತ್ರಗಳು ಎಲ್ಲಿಂದ ಬಂದವು? ನಾವು ಮೂರನ್ನು ಹೆಸರಿಸುತ್ತೇವೆ.

ರಷ್ಯಾದ ಆಂದ್ರೇ ಜ್ವ್ಯಾಗಿಂತ್ಸೆವ್ ಅವರ 2017ರ 'ಲವ್‌ಲೆಸ್' ಚಿತ್ರದಲ್ಲಿ ಬೇರೆಯಾಗುತ್ತಿರುವ ತಂದೆ ತಾಯಿ ಹನ್ನೆರಡು ವರ್ಷದ ಮಗನಿಗಾಗಿ ಜಗಳವಾಡುವುದಿಲ್ಲ. ಮಗ ತನಗೆ ಬೇಡವೆಂದು ಜಗಳವಾಡುತ್ತಾರೆ. ಇಬ್ಬರಿಗೂ ಹೊಸ ಸಂಗಾತಿಗಳಿದ್ದಾರೆ. ಅವರ ಕೂಗಾಟ ಮುಗಿದು ಬಾಗಿಲು ಸರಿದಾಗ ಅದರ ಹಿಂದೆ ಕತ್ತಲಲ್ಲಿ ಹುಡುಗ ನಿಂತಿದ್ದಾನೆ. ಬಾಯಿ ತೆರೆದು ಅಳುತ್ತಿದ್ದಾನೆ, ಸದ್ದು ಮಾತ್ರ ಹೊರಡದಂತೆ. ಮರುದಿನ ಅವನು ಕಾಣೆಯಾಗುತ್ತಾನೆ. ಅವನನ್ನು ಹುಡುಕುವುದೇ ಉಳಿದ ಚಿತ್ರ. ಅವನು ಸಿಗುವುದಿಲ್ಲ.

ಅದೇ 2017ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆದ ಫ್ರಾನ್ಸಿನ 'ಕಸ್ಟಡಿ'ಯನ್ನು ನಿರ್ದೇಶಿಸಿದವರು ಜೇವಿಯರ್ ಲೆಗ್ರಾಂಡ್. ಚಿತ್ರ ಶುರುವಾಗುವುದೇ ವಿಚಾರಣೆಯಿಂದ. ತಂದೆಯನ್ನು ನೋಡಲು ಇಷ್ಟವಿಲ್ಲವೆಂದು ಮಗ ಜೂಲಿಯೆನ್ ಹೇಳಿದ್ದನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದುತ್ತಾರೆ. ಆದರೂ ತಂದೆಗೆ ವಾರಾಂತ್ಯದ ಭೇಟಿಯ ಹಕ್ಕು ಸಿಗುತ್ತದೆ. ಆ ತಂದೆ ಹಿಂಸಾಪ್ರವೃತ್ತಿಯವನು. ತಾಯಿಯ ಹೊಸ ವಿಳಾಸವನ್ನು ಮಗನಿಂದಲೇ ಹೊರಡಿಸುತ್ತಾನೆ. ಕೊನೆಗೆ ಬಂದೂಕು ಹಿಡಿದು ಅದೇ ಬಾಗಿಲಿಗೆ ಬರುತ್ತಾನೆ. ಮಗುವಿನ ಮಾತನ್ನು ಕೇಳಿದಂತೆ ಮಾಡಿ ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಚಿತ್ರ ಸಾಕ್ಷಿ. ಎಲ್ಲ ಮನೆಗಳೂ ಒಂದಾಗಲೇಬೇಕು ಎನ್ನುವವರು ಒಮ್ಮೆ ಈ ಚಿತ್ರ ನೋಡಬೇಕು.

ಮೂರನೆಯದು ಇರಾನಿನ ಅಸ್ಗರ್ ಫರ್ಹಾದಿಯವರ 'ಎ ಸೆಪರೇಶನ್'. 2011ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ವರ್ಣ ಕರಡಿಯನ್ನೂ 2012ರಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಗಳಿಸಿತು. ತಾಯಿ ಸಿಮಿನ್ ಮಗಳ ಭವಿಷ್ಯಕ್ಕಾಗಿ ದೇಶ ಬಿಡಬೇಕೆನ್ನುತ್ತಾಳೆ. ತಂದೆ ನಾದೆರ್ ಮರೆವಿನ ಕಾಯಿಲೆಯ ತನ್ನ ತಂದೆಯನ್ನು ಬಿಟ್ಟು ಬರಲಾರೆನೆನ್ನುತ್ತಾನೆ. ಇಬ್ಬರದೂ ಸರಿ. ಇಲ್ಲಿ ಅಹಂಕಾರಿ ಅತ್ತೆಯಿಲ್ಲ, ಖಳನಿಲ್ಲ. ಹನ್ನೊಂದು ವರ್ಷದ ಮಗಳು ತರ್ಮೆ ತಾಯಿಯೊಂದಿಗೆ ಹೋಗದೆ ತಂದೆಯ ಬಳಿ ಉಳಿಯುತ್ತಾಳೆ. ತಾನು ಉಳಿದರೆ ತಾಯಿ ದೂರ ಹೋಗಲಾರಳು ಎಂಬುದು ಅವಳ ಲೆಕ್ಕ. ಅಂದರೆ ಅವಳೂ ಗೋಂದಾಗಲು ಪ್ರಯತ್ನಿಸುತ್ತಾಳೆ. ಆದರೆ ಫರ್ಹಾದಿ ಅದನ್ನು ಮುದ್ದಾದ ಉಪಾಯವಾಗಿ ತೋರಿಸುವುದಿಲ್ಲ. ಅದಕ್ಕೆ ಅವಳು ತೆರುವ ಬೆಲೆಯನ್ನು ತೋರಿಸುತ್ತಾರೆ. ತಂದೆಯ ಮೇಲೆ ಬೇರೊಂದು ಮೊಕದ್ದಮೆ ಬಿದ್ದಾಗ ಅವನನ್ನು ಉಳಿಸಲು ಈ ಸತ್ಯವಂತ ಹುಡುಗಿ ನ್ಯಾಯಾಧೀಶರ ಮುಂದೆ ಸುಳ್ಳು ಹೇಳುತ್ತಾಳೆ. ಆಮೇಲೆ ಕಾರಿನಲ್ಲಿ ಕುಳಿತು ಅಳುತ್ತಾಳೆ. 'ಡೌಟ್‌ಫೈರ್' ಚಿತ್ರದಲ್ಲೂ ತಂದೆಯ ಗುಟ್ಟನ್ನು ದೊಡ್ಡ ಮಕ್ಕಳಿಬ್ಬರು ತಾಯಿಯಿಂದ ಮುಚ್ಚಿಡುತ್ತಾರೆ. ಅಲ್ಲಿ ನಾವು ನಗುತ್ತೇವೆ. ಇಲ್ಲಿ ನಗು ಗಂಟಲಲ್ಲೇ ನಿಲ್ಲುತ್ತದೆ. ಒಬ್ಬರಿಗಾಗಿ ಇನ್ನೊಬ್ಬರ ಮುಂದೆ ಸುಳ್ಳು ಹೇಳಿಸುವುದು ಮಗುವಿನ ಮೇಲೆ ನಡೆಯುವ ಅತಿ ದೊಡ್ಡ ದರೋಡೆ ಎಂಬುದು ಆಗ ಅರಿವಾಗುತ್ತದೆ.

ನಮ್ಮ ಅಂಗಳದ ಕಸ

ಬೇರೆಯವರನ್ನು ಇಷ್ಟು ಟೀಕಿಸಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕು. ತಲಾಖ್ ಕುರಿತ ಹಿಂದಿ ಚಿತ್ರವೆಂದರೆ ಮೊದಲು ನೆನಪಾಗುವುದು 1982ರ ಬಿ.ಆರ್. ಚೋಪ್ರಾರ 'ನಿಕಾಹ್'. ಅದರಲ್ಲಿ ಸಿಟ್ಟಿನ ಭರದಲ್ಲಿ ಉಚ್ಚರಿಸಿದ ಮೂರು ಮಾತು ಒಂದು ಹೆಣ್ಣಿನ ಬದುಕನ್ನು ಹೇಗೆ ಛಿದ್ರಗೊಳಿಸಿತು ಎಂಬುದಿದೆ. ಆದರೆ ಒಡೆದ ಆ ದಾಂಪತ್ಯದಲ್ಲಿ ಮಗುವಿಲ್ಲ. ಮುಸ್ಲಿಮ್ ವಿಚ್ಛೇದನದ ಕುರಿತ ನಮ್ಮ ಸಾರ್ವಜನಿಕ ಚರ್ಚೆಯೂ ಹೀಗೆಯೇ ನಡೆದಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ತ್ರಿವಳಿ ತಲಾಖನ್ನು ರದ್ದುಗೊಳಿಸಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವಾಗಿಸಿತು. ಅದೇ ಕಾಯ್ದೆಯಲ್ಲಿ ಹೆಂಡತಿ ಮತ್ತು ಅವಲಂಬಿತ ಮಕ್ಕಳ ಜೀವನಾಂಶದ ಕಲಮು ಇದೆ, ಅಪ್ರಾಪ್ತ ಮಕ್ಕಳ ಪಾಲನೆಯ ಕಲಮು ಇದೆ. ತಿಂಗಳುಗಟ್ಟಲೆ ಟಿ.ವಿ.ಯಲ್ಲಿ ಅರಚಿದವರಲ್ಲಿ ಆ ಕಲಮುಗಳನ್ನು ಓದಿದವರೆಷ್ಟು ಮಂದಿ? ತಂದೆಯನ್ನು ಜೈಲಿಗೆ ಹಾಕಿ ಅವನಿಂದಲೇ ಮಗುವಿನ ಶಾಲೆಯ ಫೀಸು ಕಟ್ಟಿಸುವುದು ಹೇಗೆಂದು ಕೇಳಿದವರೆಷ್ಟು ಮಂದಿ? ಪರ ನಿಂತವರಿಗೂ ವಿರುದ್ಧ ನಿಂತವರಿಗೂ ಮಗು ಕಾಣಿಸಲೇ ಇಲ್ಲ.

ಕಂಡವರು ಕನ್ನಡದಲ್ಲಿದ್ದಾರೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಣ್ಣೊಬ್ಬಳು ಆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುವ ಕಥೆ. ಆ ಪಾತ್ರಕ್ಕೆ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ಮುತವಲ್ಲಿಗೆ ಕಿತಾಬಿನಲ್ಲಿ ತಲಾಖಿನ ನಿಯಮ ಮಾತ್ರ ಕಾಣುತ್ತದೆ, ಜೀವನಾಂಶದ ನಿಯಮ ಕಾಣುವುದಿಲ್ಲ. ಈ ಕಥೆ ಬಂದಾಗ ಸಮುದಾಯದ ಮಾನ ಹರಾಜಾಯಿತೆಂದು ಗೊಣಗಿದವರುಂಟು. ಅದೇ ಕಥೆಯೂ ಸೇರಿದ ಅನುವಾದಿತ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಾರ ತುರಾಯಿಗೆ ಕೊರತೆಯಾಗಲಿಲ್ಲ. ಹಾರ ಹಾಕಿದ ಕೈಗಳು ತಮ್ಮ ಮೊಹಲ್ಲಾದಲ್ಲಿ ಅಂತಹ ಮಕ್ಕಳು ಎಷ್ಟಿದ್ದಾರೆಂದು ಎಣಿಸಿದರೆ ಪ್ರಶಸ್ತಿ ಸಾರ್ಥಕವಾದೀತು.

ಏಕೆಂದರೆ ಕಿತಾಬು ಮಗುವನ್ನು ಮರೆತಿಲ್ಲ. ಅಲ್ ಬಕರ ಅಧ್ಯಾಯದ 233ನೇ ಸೂಕ್ತ ಹಾಲು ಬಿಡಿಸುವಂತಹ ವಿಷಯವನ್ನೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿಯೇ ತೀರ್ಮಾನಿಸಬೇಕೆನ್ನುತ್ತದೆ. ಮಗುವನ್ನು ಮುಂದಿಟ್ಟುಕೊಂಡು ತಾಯಿಗಾಗಲಿ ತಂದೆಗಾಗಲಿ ಕಿರುಕುಳ ಕೊಡಬಾರದೆನ್ನುತ್ತದೆ. ಅಬೂದಾವೂದ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಬೇರೆಯಾದ ದಂಪತಿ ಮಗನಿಗಾಗಿ ಪಟ್ಟುಹಿಡಿದು ಪ್ರವಾದಿಯವರ ಬಳಿ ಬರುತ್ತಾರೆ. ಅವರು ಹುಡುಗನನ್ನೇ ಕೇಳುತ್ತಾರೆ. ಹುಡುಗ ತಾಯಿಯ ಕೈ ಹಿಡಿಯುತ್ತಾನೆ. ಆಕೆ ಅವನನ್ನು ಕರೆದುಕೊಂಡು ಹೋಗುತ್ತಾಳೆ. ಮಗುವಿನ ಮಾತಿಗೆ ಅಲ್ಲಿ ಬೆಲೆಯಿತ್ತು. ನಮ್ಮ ಜಮಾಅತ್ ಕಮಿಟಿಗಳ ಸಭೆಗಳಲ್ಲಿ ಮಹರ್, ಒಡವೆ, ಪಾತ್ರೆಪಗಡೆಗಳ ಪಟ್ಟಿ ಓದುತ್ತಾರೆ. ಮಗುವಿನ ಹೆಸರು ಆ ಪಟ್ಟಿಯ ಕೊನೆಯಲ್ಲಿ ಬರುತ್ತದೆ, ಅದೂ ಇನ್ನೊಂದು ಸಾಮಾನಿನಂತೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮಿನಂತೆ ನ್ಯಾಯಾಲಯ ನೋಡಬೇಕಾದದ್ದು ಮಗುವಿನ ಕ್ಷೇಮವನ್ನು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅದರ 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತನಾಡುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ, ಮಗುವಿಗೆ ಹಿತವಾಗುವ ಸಂದರ್ಭಗಳಲ್ಲಿ ಜಂಟಿ ಪಾಲನೆಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಕಾಗದದ ಮೇಲೆ ಮಗುವಿದೆ. ಮನಸ್ಸಿನಲ್ಲಿಲ್ಲ. ಮನಸ್ಸಿನಲ್ಲಿ ಕೂರಿಸುವ ಕೆಲಸ ಮಾಡಬಲ್ಲದ್ದು ಕಥೆ ಮತ್ತು ಸಿನಿಮಾ. ನಮ್ಮ ಸಿಟ್ಟಿಗೆ ಕಾರಣವೂ ಇದೇ. ಅಷ್ಟು ದೊಡ್ಡ ಶಕ್ತಿಯುಳ್ಳ ಮಾಧ್ಯಮ ಇಷ್ಟು ವರ್ಷಗಳಿಂದ ಮಗುವಿಗೆ ಸುಳ್ಳು ಹೇಳುತ್ತಾ ಕುಳಿತಿದೆ.

ನಾವು ಕೇಳುವುದೇನು?

ವಿಚ್ಛೇದನವನ್ನು ವೈಭವೀಕರಿಸಿ ಎಂದು ನಾವು ಚಿತ್ರರಂಗದವರನ್ನು ಕೇಳುತ್ತಿಲ್ಲ. ಸುಖಾಂತ್ಯವನ್ನು ನಿಷೇಧಿಸಿ ಎಂದೂ ಹೇಳುತ್ತಿಲ್ಲ. ಒಂದಾಗುವುದಾದರೆ ದೊಡ್ಡವರು ತಮ್ಮ ತಪ್ಪನ್ನು ತಾವು ತಿದ್ದಿಕೊಂಡು ಒಂದಾಗಲಿ. ಒಂದಾಗದಿದ್ದರೆ ಆಮೇಲೂ ಒಂದು ಬದುಕಿದೆ, ಅಲ್ಲೂ ಊಟವಿದೆ, ಆಟವಿದೆ, ಎರಡು ಮನೆಗಳಲ್ಲಿ ಎರಡು ಹಾಸಿಗೆಗಳಿವೆ, ಪ್ರೀತಿಯಿದೆ ಎಂದು ಮಗುವಿಗೆ ತೋರಿಸಿ. ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ನಿಮ್ಮ ಪಾತ್ರಗಳಿಂದ ಹೇಳಿಸಿ: ಇದು ನಿನ್ನಿಂದಾದದ್ದಲ್ಲ, ಇದನ್ನು ಸರಿಪಡಿಸುವುದು ನಿನ್ನ ಕೆಲಸವೂ ಅಲ್ಲ. ಕನ್ನಡದಲ್ಲಿ ಇದನ್ನು ಕೇಳಲು ಕಾದಿರುವ ಮಕ್ಕಳು ಪ್ರತಿ ತಾಲೂಕಿನಲ್ಲಿದ್ದಾರೆ.

ಓದುಗರಲ್ಲೂ ನಮ್ಮದೊಂದು ಬಿನ್ನಹ. ನೆಂಟರ ಮನೆಯಲ್ಲಿ ಅಂತಹ ಮಗು ಕಂಡಾಗ ನೀನಾದರೂ ನಿಮ್ಮಪ್ಪನಿಗೆ ಹೇಳಬಾರದಾ, ನಿಮ್ಮಮ್ಮನನ್ನು ಕರೆಯಬಾರದಾ ಎಂದು ಕೇಳುವ ಹಿರಿಯರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಸದುದ್ದೇಶದಿಂದಲೇ ಕೇಳುತ್ತಾರೆ. ಸಿನಿಮಾ ಅವರಿಗೆ ಹಾಗೆ ಕಲಿಸಿದೆ. ದಯವಿಟ್ಟು ಆ ಮಾತನ್ನು ನುಂಗಿಕೊಳ್ಳಿ. ಊಟ ಆಯಿತೇ, ಶಾಲೆ ಹೇಗಿದೆ ಎಂದು ಕೇಳಿ. ಅಷ್ಟು ಸಾಕು.

'ಎ ಸೆಪರೇಶನ್' ಮುಗಿಯುವುದೂ ನ್ಯಾಯಾಲಯದಲ್ಲೇ. ಯಾರೊಂದಿಗೆ ಇರುತ್ತೀಯೆಂದು ನ್ಯಾಯಾಧೀಶರು ತರ್ಮೆಯನ್ನು ಕೇಳುತ್ತಾರೆ. ತೀರ್ಮಾನಿಸಿದ್ದೇನೆ ಎನ್ನುತ್ತಾಳೆ. ಕಣ್ಣೀರು ಇಳಿಯುತ್ತಿದೆ, ಮಾತು ಹೊರಡುವುದಿಲ್ಲ. ತಂದೆ ತಾಯಿಯನ್ನು ಹೊರಗೆ ಕಳುಹಿಸುತ್ತಾರೆ. ಇಬ್ಬರೂ ವರಾಂಡದ ಎರಡು ಬದಿಗಳಲ್ಲಿ ಕಾಯುತ್ತಾರೆ. ಅವಳು ಏನು ಹೇಳಿದಳೆಂಬುದನ್ನು ಚಿತ್ರ ನಮಗೆ ತಿಳಿಸುವುದೇ ಇಲ್ಲ. ಆ ಉತ್ತರ ನಮ್ಮ ಕುತೂಹಲಕ್ಕಾಗಿ ಇರುವುದಲ್ಲ, ಅದು ಆ ಮಗುವಿನದು. ಬಿಸ್ಕೆಟ್ ಪೊಟ್ಟಣ ಹಿಡಿದು ಕುಳಿತ ನಮ್ಮ ವರಾಂಡದ ಮಗುವಿಗೂ ಅಷ್ಟು ಗೌರವ ಸಲ್ಲಬೇಕು. ಅದು ಅದನ್ನು ಒಡೆದು ತಿನ್ನಲಿ, ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ.